ಕಥೋಲಿಕ ಶಾಲಾ ಮಕ್ಕಳ ಭಾಷಣ ಸ್ಪರ್ಧೆ: ಬರೆದುಕೊಟ್ಟು ಬಾಯಿಪಾಠ ಮಾಡಿಸೋದಾ, ಮಗು ತನ್ನ ಮಾತಲ್ಲೇ ಹೇಳಲಿ ಅಂತ ಬಿಡೋದಾ?

ಘಟ್ಟದ_ಟೀಚರ್
ನಾನು ಸಿಸ್ಟರ್‌ಗಳು ನಡೆಸೋ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡ್ತೀನಿ, ಭಾನುವಾರ ಚರ್ಚಿನಲ್ಲಿ ಧರ್ಮೋಪದೇಶದ ಕ್ಲಾಸೂ ತಗೊಳ್ತೀನಿ. ಊರು ಸಕಲೇಶಪುರದ ಕಡೆ. ಕಥೋಲಿಕ ಶಾಲೆಗಳ ಮಕ್ಕಳಿಗೆ ಅಂತ ಭಾಷಣ ಸ್ಪರ್ಧೆ ಇಟ್ಟಿದ್ದಾರೆ. ಹೈಸ್ಕೂಲಿನವರಿಗೆ ಐದು ನಿಮಿಷ. ವಿಷಯ ‘ಸಂತ ಕಾರ್ಲೊ ಅಕುಟಿಸ್ ಮತ್ತು ನಾನು’. ಕಾರ್ಲೊ ಅಂದರೆ ಕಂಪ್ಯೂಟರಲ್ಲಿ ದೇವರ ಅದ್ಭುತಗಳ ಜಾಲತಾಣ ಮಾಡಿ, ಹದಿನೈದಕ್ಕೇ ತೀರಿಕೊಂಡು, ಈಗ ಸಂತನಾಗಿರೋ ಹುಡುಗ.

ನಮ್ಮ ಶಾಲೆಯ ಸುತ್ತು ಹೋದ ವಾರ ಮುಗೀತು. ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ, ಅಪ್ಪ ಅಮ್ಮ ಕಾಫಿ ತೋಟದಲ್ಲಿ ಕೆಲಸ, ವಾಸ ಎಸ್ಟೇಟ್ ಲೈನಿನಲ್ಲಿ. 2020ರ ಲಾಕ್‌ಡೌನಿನಲ್ಲಿ ಚರ್ಚು ಮುಚ್ಚಿದಾಗ ಇವಳು ನಾಲ್ಕನೇ ಕ್ಲಾಸು. ಮನೇಲಿದ್ದ ಒಂದೇ ಫೋನನ್ನ ಅಕ್ಕಿ ಡಬ್ಬಕ್ಕೆ ಒರಗಿಸಿ, ಯೂಟ್ಯೂಬಲ್ಲಿ ಬರ್ತಿದ್ದ ಬಲಿಪೂಜೆಯನ್ನ (ಚರ್ಚಿನ ಮಾಸ್) ಅಜ್ಜಿಗೆ ಹಾಕಿಕೊಡ್ತಿದ್ದಳಂತೆ. ನೆಟ್‌ವರ್ಕ್ ಸಿಗದ ದಿನ ಅಜ್ಜಿಯ ಕೈ ಹಿಡ್ಕೊಂಡು ನೀರಿನ ಟ್ಯಾಂಕಿನ ದಿಬ್ಬ ಹತ್ತಿಸ್ತಿದ್ದಳು. ಕಾರ್ಲೊ ಕಂಪ್ಯೂಟರಲ್ಲಿ ಮಾಡಿದ್ದನ್ನ ನಾನು ಅಜ್ಜಿಯ ಫೋನಲ್ಲಿ ಮಾಡಿದೆ ಅನ್ನೋದು ಅವಳ ಮಾತಿನ ತಿರುಳು. ಮೂರನೇ ನಿಮಿಷಕ್ಕೆ ಮಾತು ನಿಂತುಹೋಯ್ತು. ತಲೆ ತಗ್ಗಿಸಿಕೊಂಡು ನಿಂತೇಬಿಟ್ಟಳು. ಮೊದಲ ಬಹುಮಾನ ಇಂಗ್ಲಿಷಲ್ಲಿ ನೀರು ಹರಿದ ಹಾಗೆ ಒಪ್ಪಿಸಿದ ಹುಡುಗನಿಗೆ ಹೋಯ್ತು, ಇವಳು ಎರಡನೆಯವಳು. ಮುಂದಿನ ಸುತ್ತಿಗೆ ಇಬ್ಬರೂ ಹೋಗ್ತಾರೆ.

ಈಗ ಸಹೋದ್ಯೋಗಿಯೊಬ್ಬರು ಎರಡು ಪುಟ ಭಾಷಣ ಬರೆದು ಅವಳ ಕೈಗೆ ಕೊಟ್ಟಿದ್ದಾರೆ. ಭಾಷೆ ತುಂಬಾ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಹುಡುಗಿ ಆ ಕಾಗದ ತಂದು ನನ್ನನ್ನ ಕೇಳಿದಳು: “ಮಿಸ್, ಇದರಲ್ಲಿ ಅಜ್ಜಿ ಎಲ್ಲಿದ್ದಾರೆ?” ನನಗೆ ಉತ್ತರ ಹೊಳೀಲಿಲ್ಲ. ಮೂರು ವಾರ ಇದೆ. ಏನು ಮಾಡಲಿ?

ಇನ್ನೊಂದು. ಅದೇ ಕ್ಲಾಸಿನ ಹಿಂದೂ ಹುಡುಗಿಯೊಬ್ಬಳು ನಮ್ಮ ಶಾಲೆಯಲ್ಲೇ ಒಳ್ಳೆ ಮಾತುಗಾತಿ. ತಾನೂ ಮಾತಾಡ್ತೀನಿ ಅಂತ ಹೆಸರು ಕೊಟ್ಟಳು. ನಿಯಮದಲ್ಲಿ ‘ಕಥೋಲಿಕ ವಿದ್ಯಾರ್ಥಿಗಳಿಗೆ ಮಾತ್ರ’ ಅಂತಿದೆ. ಅವಳಿಗೆ ಏನು ಹೇಳೋದು?

ಮೈಸೂರು_ಅಂತೋಣಿ
ಕಾಗದ ವಾಪಸ್ ಕೊಡಿ ಮೇಡಂ. ಅಜ್ಜಿ ಇಲ್ಲದ ಭಾಷಣ ಆ ಮಗೂದು ಅಲ್ಲ.

ನಿವೃತ್ತ_ಮೇಷ್ಟ್ರು_ಕುಡ್ಲ
ಅಷ್ಟು ಬೇಗ ತೀರ್ಮಾನ ಮಾಡಬೇಡಿ. ನಾನು 31 ವರ್ಷ ಹೈಸ್ಕೂಲಿನಲ್ಲಿ ಮಕ್ಕಳನ್ನು ವೇದಿಕೆ ಹತ್ತಿಸಿದವನು. ಬಾಯಿಪಾಠ ಅಂದಕೂಡಲೇ ಏನೋ ಪಾಪ ಅನ್ನುವ ಹಾಗೆ ಈಗ ಮಾತಾಡುತ್ತಾರೆ. ‘ನಮೋ ಮರಿಯ’ ಕಲಿತದ್ದು ಹೇಗೆ? ಬಾಯಿಪಾಠ ಮಾಡಿ. ಅರ್ಥ ಆಮೇಲೆ, ಬದುಕಿನ ಜೊತೆ ಬಂತು. ಜೆಸ್ವಿಟ್ ಸಭೆಯ ಪಾದ್ರಿಗಳು 1599ರಲ್ಲಿ ತಮ್ಮ ಶಾಲೆಗಳಿಗೆಲ್ಲ ‘ರಾಶಿಯೊ ಸ್ಟುಡಿಯೋರಮ್’ ಎಂಬ ಶಿಕ್ಷಣಕ್ರಮ ಬರೆದಿಟ್ಟರು. ಅದರಲ್ಲಿ ನೆನಪಿನ ಅಭ್ಯಾಸಕ್ಕೂ ಸಭೆಯ ಮುಂದೆ ನಿಂತು ಒಪ್ಪಿಸುವುದಕ್ಕೂ ಜಾಗ ಉಂಟು. 1880ರಲ್ಲಿ ಮಂಗಳೂರಿನಲ್ಲಿ ಅಲೋಶಿಯಸ್ ಕಾಲೇಜು ಶುರು ಮಾಡಿದವರೂ ಅದೇ ಪರಂಪರೆಯವರು. ಒಳ್ಳೆಯ ವಾಕ್ಯಗಳನ್ನು ನಾಲಗೆ ಮೇಲೆ ಹೊರಳಿಸಿದ ಮಗುವಿಗೆ ನಾಳೆ ತನ್ನದೇ ಒಳ್ಳೆಯ ವಾಕ್ಯ ಹುಟ್ಟುತ್ತದೆ. ಏನೂ ಕೊಡದೆ ‘ನಿನ್ನ ಮಾತಲ್ಲಿ ಹೇಳು’ ಅಂತ ಬಿಟ್ಟರೆ ಮೊದಲು ಬಿದ್ದುಹೋಗುವುದು ಮನೆಯಲ್ಲಿ ಪುಸ್ತಕ ಇಲ್ಲದ ಮಗುವೇ.

ಮೈಸೂರು_ಅಂತೋಣಿ
ಸರ್, ಪ್ರಾರ್ಥನೆ ಬೇರೆ, ಭಾಷಣ ಬೇರೆ. ವಿಷಯದಲ್ಲೇ ‘ಮತ್ತು ನಾನು’ ಅಂತಿದೆಯಲ್ಲ. ಆ ‘ನಾನು’ ಟೀಚರ್ ಆಗಿಬಿಟ್ಟರೆ ಹೇಗೆ?

ತೀರ್ಪುಗಾರ್ತಿ_ಶಿವಮೊಗ್ಗ
ನಾನು ಇಂಥ ಸ್ಪರ್ಧೆಗಳಲ್ಲಿ ಬಹಳ ಸಲ ಕೂತಿದ್ದೀನಿ. ಹೋದ ತಿಂಗಳು ಒಂದು ಕಡೆ ಇದೇ ಕಾರ್ಲೊ ವಿಷಯ. ಹದಿನಾಲ್ಕು ಮಕ್ಕಳು. ಹನ್ನೊಂದು ಮಕ್ಕಳು ಶುರು ಮಾಡಿದ್ದು ಒಂದೇ ವಾಕ್ಯದಿಂದ: ಎಲ್ಲರೂ ಅಸಲಿಯಾಗಿ ಹುಟ್ಟುತ್ತಾರೆ, ಆದರೆ ಬಹಳಷ್ಟು ಜನ ನಕಲುಪ್ರತಿಗಳಾಗಿ ಸಾಯುತ್ತಾರೆ. ಕಾರ್ಲೊನದೇ ಮಾತು ಅದು. 2019ರಲ್ಲಿ ಪೋಪ್ ಫ್ರಾನ್ಸಿಸ್ ಯುವಜನರಿಗೆ ಬರೆದ ‘ಕ್ರಿಸ್ತುಸ್ ವಿವಿತ್’ನಲ್ಲೂ ಅದನ್ನ ಎತ್ತಿ ಹೇಳಿದ್ದಾರೆ. ಎಂಟನೇ ಮಗುವಿನ ಬಾಯಲ್ಲೂ ಅದೇ ಬಂದಾಗ ನನಗೆ ಸಂಕಟ ಆಯ್ತು. ಆ ಮಕ್ಕಳ ತಪ್ಪಲ್ಲ. ಅವರ ಬೆನ್ನ ಹಿಂದೆ ನಿಂತು ಬರೆದುಕೊಟ್ಟ ನಾವು ಆ ವಾಕ್ಯದ ಅರ್ಥವನ್ನೇ ಓದಿಲ್ಲ.

ಆದರೆ ತೀರ್ಪುಗಾರರ ಕಷ್ಟವನ್ನೂ ಹೇಳ್ತೀನಿ. ನಮ್ಮ ಕೈಗೆ ಕೊಡೋ ಅಂಕಪಟ್ಟೀಲಿ ಇರೋದು ವಿಷಯ ಮಂಡನೆ, ಉಚ್ಚಾರಣೆ, ಹಾವಭಾವ, ಸಮಯಪಾಲನೆ. ಮಗು ತಡವರಿಸಿದರೆ ಎರಡು ಕಡೆ ಅಂಕ ಹೋಗುತ್ತೆ. ಅದು ತನ್ನ ಅಜ್ಜಿಯನ್ನ ನೆನೆದು ತಡವರಿಸಿತಾ, ಪಾಠ ಮರೆತು ತಡವರಿಸಿತಾ ಅಂತ ಕೇಳೋ ಕಾಲಂ ಇಲ್ಲ. ವಿಶ್ವಾಸಕ್ಕೆ ಹತ್ತರಲ್ಲಿ ಎಷ್ಟು ಅಂತ ಹಾಕೋಕೂ ಆಗಲ್ಲ, ಹಾಕಲೂಬಾರದು. ‘ಸ್ವಂತ ಚಿಂತನೆ’ ಅಂತ ಒಂದು ಕಾಲಂ ಮಾತ್ರ ಖಂಡಿತ ಇಡಬಹುದು. ಒಂದು ಕಡೆ ಕೇಳಿದೆ. ಸಮಯ ಇಲ್ಲ ಮೇಡಂ ಅಂದರು.

ಮರಿಯಾಪುರದ_ಮಗ
ಕಾರ್ಲೊ ಇಟಲಿಯಲ್ಲಿ ಹುಟ್ಟಿದ ಅಂತಲೇ ನಮ್ಮ ಚರ್ಚಿನ ಮಕ್ಕಳೆಲ್ಲ ಭಾಷಣ ಮಾಡಿದ್ರು. ಸರಿನಾ?

ತೀರ್ಪುಗಾರ್ತಿ_ಶಿವಮೊಗ್ಗ
ಇಲ್ಲ. ಹುಟ್ಟಿದ್ದು ಲಂಡನ್ನಿನಲ್ಲಿ, 1991ರ ಮೇ 3. ಬೆಳೆದದ್ದು ಮಿಲಾನಿನಲ್ಲಿ. ರಕ್ತದ ಕ್ಯಾನ್ಸರಿನಿಂದ 2006ರ ಅಕ್ಟೋಬರ್ 12ರಂದು ತೀರಿಕೊಂಡ, ಹದಿನೈದೇ ವರ್ಷ. ಸಂತ ಪದವಿ 2025ರ ಏಪ್ರಿಲ್ 27ಕ್ಕೆ ಅಂತ ನಿಗದಿಯಾಗಿತ್ತು. ಪೋಪ್ ಫ್ರಾನ್ಸಿಸ್ 21ಕ್ಕೆ ನಿಧನರಾದ ಕಾರಣ ಮುಂದಕ್ಕೆ ಹೋಯ್ತು. ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೇ ಲಿಯೋ, ಇಟಲಿಯ ಇನ್ನೊಬ್ಬ ಯುವಕ ಪಿಯರ್ ಜಾರ್ಜಿಯೊ ಫ್ರಸಾತಿ ಜೊತೆಗೆ ಘೋಷಿಸಿದರು. ಕಾರ್ಲೊ ಪರಮಪ್ರಸಾದದ (ಬಲಿಪೂಜೆಯಲ್ಲಿ ಕೊಡೋ ಪವಿತ್ರ ರೊಟ್ಟಿ) ಅದ್ಭುತಗಳನ್ನ ಒಟ್ಟುಮಾಡಿ ಜಾಲತಾಣ ಮಾಡಿದ್ದ. ‘ಕಂಪ್ಯೂಟರ್ ಸಂತ’ ಅಂತ ಹೇಳಿ ಆ ಪರಮಪ್ರಸಾದದ ಸುದ್ದಿಯನ್ನೇ ಬಿಟ್ಟುಬಿಡೋ ಭಾಷಣಗಳೂ ಬರ್ತವೆ. ಘಟ್ಟದ ಟೀಚರ್, ನಿಮ್ಮ ಹುಡುಗಿ ಹೇಳೋದು ಬಲಿಪೂಜೆಯ ವಿಷಯ. ಗೊತ್ತಿದ್ದೋ ಗೊತ್ತಿಲ್ಲದೆಯೋ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾಳೆ.

ಬಾರ್ಕೂರ್_ಬಾಯಿ
ನನ್ನದೊಂದು ಹೇಳ್ತೇನೆ. ಏಳನೇ ಕ್ಲಾಸಲ್ಲಿ ಚರ್ಚಿನ ವಾರ್ಷಿಕ ಹಬ್ಬಕ್ಕೆ ನನ್ನ ಭಾಷಣ. ಮನೇಲಿ ಕೊಂಕಣಿ, ಶಾಲೇಲಿ ಕನ್ನಡ, ಹೊರಗೆ ತುಳು. ಬರೆದುಕೊಟ್ಟದ್ದು ಗ್ರಾಂಥಿಕ ಕನ್ನಡ. ‘ಸಹೃದಯ ಸಭಿಕರೇ’ ಅಂತ ಹೇಳಿದ್ದಷ್ಟೇ ನೆನಪು. ಮುಂದೆ ಒಂದಕ್ಷರ ಬರ್ಲಿಲ್ಲ ಮಾರಾಯ್ರೆ. ಇಡೀ ವಾಳೆ (ಚರ್ಚಿನ ವಾರ್ಡು) ಮುಂದೆ ಅತ್ತುಬಿಟ್ಟೆ. ಅದಾದ ಮೇಲೆ ಇಪ್ಪತ್ತು ವರ್ಷ ನಾನು ಮೈಕ್ ಮುಟ್ಟಲಿಲ್ಲ. ಪೂಜೆಯಲ್ಲಿ ಬೈಬಲ್ ವಾಚನ ಓದ್ಲಿಕ್ಕೆ ಕರೆದರೂ ಹೋಗ್ತಿರಲಿಲ್ಲ. ಆವತ್ತು ನನ್ನ ಭಾಷೆಯಲ್ಲಿ ನಾಲ್ಕು ಮಾತು ಹೇಳು ಅಂದಿದ್ದರೆ ಹೇಳ್ತಿದ್ದೆ. ಈಗಲೂ ಎದೆಯಲ್ಲಿ ಉಂಟು ಅದು. ಟೀಚರೇ, ಆ ಹುಡುಗಿ ಮತ್ತೆ ವೇದಿಕೆ ಹತ್ತುತ್ತಾಳಲ್ಲ, ಅದೇ ದೊಡ್ಡದು.

ನಿವೃತ್ತ_ಮೇಷ್ಟ್ರು_ಕುಡ್ಲ
ಬಾಯಿ, ನಿಮಗೆ ಆದದ್ದು ಅನ್ಯಾಯವೇ. ಆದರೆ ನಿಲ್ಲುವುದು ಎರಡೂ ಕಡೆ ಆಗುತ್ತದೆ. ಟೀಚರ್ ಹುಡುಗಿ ಸ್ವಂತ ಮಾತಿನಲ್ಲೇ ಹೇಳುತ್ತಾ ನಿಂತದ್ದು. ಅದಕ್ಕೆ ಉತ್ತರ ಕೊಡಿ.

ಬೆಂಗಳೂರು_ಕನ್ನಡತಿ
ಇದರಲ್ಲಿ ಭಾಷೆಯ ಪ್ರಶ್ನೆಯನ್ನ ಯಾಕೆ ಎಲ್ಲರೂ ದಾಟಿ ಹೋಗ್ತಿದ್ದೀರಿ? ಕನ್ನಡ, ಇಂಗ್ಲಿಷ್ ಎರಡನ್ನೂ ಒಂದೇ ವಿಭಾಗದಲ್ಲಿ ಇಟ್ಟು ಒಂದೇ ಬಹುಮಾನ ಕೊಟ್ಟರೆ ಗೆಲ್ಲೋದು ಯಾವುದು ಅಂತ ನಮಗೆಲ್ಲ ಗೊತ್ತು. 1963ರಲ್ಲೇ ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೀತು. ಅದಾಗಿ ಅರವತ್ತು ವರ್ಷ ಕಳೆದರೂ ನಮ್ಮ ಮಕ್ಕಳು ಕನ್ನಡದಲ್ಲಿ ದೇವರ ಬಗ್ಗೆ ಮಾತಾಡಿದರೆ ‘ಪರವಾಗಿಲ್ಲ’, ಇಂಗ್ಲಿಷಲ್ಲಿ ಮಾತಾಡಿದರೆ ‘ಆಹಾ’.

ಖಾನಾಪುರ_ಸರ್
ಖರೇ ಮಾತ್ರಿ ಅಕ್ಕಾರ. ನಮ್ಮ ಕಡೆ ಮರಾಠಿ, ಕೊಂಕಣಿ, ಕನ್ನಡ ಮೂರೂ ಅದಾವ. ಭಾಷಾಕ್ಕೊಂದು ವಿಭಾಗ ಮಾಡಿದ್ವಿ, ಜಗಳ ನಿಂತತು.

ಫ್ರೇಜರ್‌ಟೌನ್_ಅಪ್ಪ
ಇಂಗ್ಲಿಷ್ ಹುಡುಗನ ಮೇಲೆ ಯಾಕೆ ಸಿಟ್ಟು? ಅವನೂ ಮಗುವೇ. ನನ್ನ ಮಗ ಇಂಗ್ಲಿಷಲ್ಲೇ ಪ್ರಾರ್ಥನೆ ಮಾಡೋದು, ಅವನ ಮನೆಮಾತು ಈಗ ಅದೇ ಆಗಿದೆ. ಅದು ನಾಟಕ ಅಲ್ಲ.

ಬೆಂಗಳೂರು_ಕನ್ನಡತಿ
ಹುಡುಗನ ಮೇಲೆ ಅಲ್ಲ ಸರ್. ಅಂಕಪಟ್ಟಿ ಮೇಲೆ. ನಿಮ್ಮ ಮಗ ತನ್ನದನ್ನ ಹೇಳಿದರೆ ನಾನೇ ಎದ್ದು ಚಪ್ಪಾಳೆ ಹೊಡೀತೀನಿ.

ಕನ್ನಡ_ಕಟ್ಟೆ
ಕನ್ನಡದ ಮೊದಲ ಪತ್ರಿಕೆ ತಂದಿದ್ದೇ ನಮ್ಮ ಕಥೋಲಿಕ ಪಾದ್ರಿಗಳು. ಅಂಥ ಪರಂಪರೆ ನಮ್ಮದು, ಮರೀಬೇಡಿ.

ನಿವೃತ್ತ_ಮೇಷ್ಟ್ರು_ಕುಡ್ಲ
ತಿದ್ದಿಕೊಳ್ಳಿ. 1843ರ ‘ಮಂಗಳೂರ ಸಮಾಚಾರ’ ಹರ್ಮನ್ ಮೊಗ್ಲಿಂಗ್ ಅವರದು, ಬಾಸೆಲ್ ಮಿಶನ್. ಪ್ರಾಟೆಸ್ಟೆಂಟರು. 1894ರ ಕಿಟ್ಟೆಲ್ ನಿಘಂಟೂ ಅವರದೇ. ನಮ್ಮವರು ಮಾಡಿದ್ದು ಬೇರೆ ಉಂಟು: ಕನ್ನಡ ಲಿಪಿಯಲ್ಲಿ ಕೊಂಕಣಿ ಪತ್ರಿಕೆಗಳು. ಮಂಗಳೂರು ಧರ್ಮಪ್ರಾಂತ್ಯದ (ಡಯಾಸಿಸ್) ವಾರಪತ್ರಿಕೆ ‘ರಾಕ್ಣೊ’ 1938ರಿಂದ ಬರುತ್ತಿದೆ. ಮಕ್ಕಳ ಭಾಷಣದಲ್ಲಿ ಇಂಥ ತಪ್ಪು ನುಸುಳಿದರೆ ಕೇಳುವವರು ಅದನ್ನೇ ನಿಜ ಅಂದುಕೊಳ್ಳುತ್ತಾರೆ.

ಕನ್ನಡ_ಕಟ್ಟೆ
ಸರಿ ಸರ್, ತಪ್ಪಾಯ್ತು. ಯಾರೋ ವೇದಿಕೇಲಿ ಹೇಳಿದ್ದನ್ನೇ ನಂಬಿದ್ದೆ.

ಗುರುಮಠದ_ವಿದ್ಯಾರ್ಥಿ
ನಾನು ಗುರುಮಠದಲ್ಲಿ (ಪಾದ್ರಿಯಾಗಲು ಓದುವ ಸೆಮಿನರಿ) ದೈವಶಾಸ್ತ್ರ ಓದುತ್ತಿದ್ದೇನೆ. ಎರಡು ಮಾತು. ಒಂದು, ಇದು ಪ್ರಬೋಧನೆ (ಪೂಜೆಯಲ್ಲಿ ಪಾದ್ರಿ ಮಾಡುವ ಉಪದೇಶ) ಅಲ್ಲ. ಬಲಿಪೂಜೆಯೊಳಗಿನ ಪ್ರಬೋಧನೆ ಗುರುವಿಗೂ ಧರ್ಮಸೇವಕನಿಗೂ (ಡೀಕನ್) ಮೀಸಲು (ಧರ್ಮಸಭೆಯ ಕಾನೂನು 767). ಮಗು ಮಾಡುವುದು ಸಾಕ್ಷಿ ಹೇಳುವುದು. ಸಾಕ್ಷಿಯನ್ನು ಬೇರೆಯವರು ಬರೆದುಕೊಟ್ಟರೆ ಅದು ಸಾಕ್ಷಿಯಾಗಿ ಉಳಿಯುವುದಿಲ್ಲ. ಯಾವ ಕೋರ್ಟಿನಲ್ಲಾದರೂ ಅಷ್ಟೇ.

ಎರಡು, ಮಾತು ನಿಲ್ಲುವುದನ್ನು ನಾವು ಇಷ್ಟು ದೊಡ್ಡ ಸೋಲು ಅಂದುಕೊಳ್ಳಬಾರದು. ಬೈಬಲಿನ ವಿಮೋಚನಾಕಾಂಡ 4ರಲ್ಲಿ ಮೋಶೆ ‘ನಾನು ಮಾತುಗಾರನಲ್ಲ, ನನ್ನ ನಾಲಗೆ ಮಂದ’ ಅನ್ನುತ್ತಾನೆ. ಪ್ರವಾದಿ ಯೆರೆಮೀಯ ‘ನಾನಿನ್ನೂ ಬಾಲಕ, ಮಾತಾಡಲು ಬರದು’ ಅನ್ನುತ್ತಾನೆ. ದೇವರು ಅವರ ಬಾಯಿಗೆ ತನ್ನ ಮಾತನ್ನಿಟ್ಟು ಕಳುಹಿಸಿದರು. ಮೋಶೆಗೆ ಅವನ ಪರವಾಗಿ ಮಾತಾಡಲು ಅಣ್ಣ ಆರೋನನನ್ನೂ ಜೊತೆಗೆ ಕೊಟ್ಟರು. ಟೀಚರ್ ಕೆಲಸ ಆರೋನನ ಕೆಲಸ.

ಆದರೆ ಮೇಷ್ಟ್ರ ಪರವಾಗಿಯೂ ಹೇಳಬೇಕು. ಕಾರ್ಲೊ ಬೆಳೆದ ಅದೇ ಮಿಲಾನಿನಲ್ಲಿ ಹಿಂದೆ ಸಂತ ಅಗಸ್ಟೀನರು ವಾಕ್ಚಾತುರ್ಯ ಕಲಿಸುವ ಮೇಷ್ಟ್ರಾಗಿದ್ದರು. ಬಿಷಪ್ ಅಂಬ್ರೋಸರ ಪ್ರಬೋಧನೆ ಕೇಳಲು ಮೊದಲು ಹೋದದ್ದು ಮಾತಿನ ಸೊಗಸಿಗಾಗಿ. ಸೊಗಸಿನ ಜೊತೆ ಸತ್ಯವೂ ಒಳಗೆ ಇಳಿಯಿತು, 387ರಲ್ಲಿ ಅಂಬ್ರೋಸರಿಂದಲೇ ಜ್ಞಾನಸ್ನಾನ ಪಡೆದರು. ಹಾಗಾಗಿ ಚೆನ್ನಾಗಿ ಮಾತಾಡಲು ಕಲಿಸುವುದು ಸಣ್ಣ ಕೆಲಸ ಅಲ್ಲ.

ನಿವೃತ್ತ_ಮೇಷ್ಟ್ರು_ಕುಡ್ಲ
ಬ್ರದರ್, ಸಾಕ್ಷಿಯ ಮಾತು ಒಪ್ಪಿದೆ. ನಾನು ಅಷ್ಟು ದೂರ ಯೋಚನೆ ಮಾಡಿರಲಿಲ್ಲ.

ನ್ಯೂಜೆರ್ಸಿ_ಹಾಸನದವ
ಇಲ್ಲಿ ಅಮೆರಿಕದಲ್ಲಿ 1951ರಿಂದ ‘ನ್ಯಾಷನಲ್ ಕ್ಯಾಥೊಲಿಕ್ ಫೊರೆನ್ಸಿಕ್ ಲೀಗ್’ ಅಂತ ಇದೆ. ಹೈಸ್ಕೂಲ್ ಮಕ್ಕಳ ಭಾಷಣ, ಚರ್ಚಾಸ್ಪರ್ಧೆ. ಮೇ ಕೊನೆಯಲ್ಲಿ ಮೆಮೋರಿಯಲ್ ಡೇ ವಾರಾಂತ್ಯಕ್ಕೆ ರಾಷ್ಟ್ರಮಟ್ಟದ್ದು ನಡೆಯುತ್ತೆ. ಅವರು ನಿಮ್ಮ ಜಗಳವನ್ನ ಸರಳವಾಗಿ ಬಿಡಿಸಿದ್ದಾರೆ. ಬೇರೆಯವರ ಭಾಷಣವನ್ನ ಒಪ್ಪಿಸೋದಕ್ಕೇ ಒಂದು ವಿಭಾಗ, ಒಂಬತ್ತು ಮತ್ತು ಹತ್ತನೇ ತರಗತಿಯವರಿಗೆ. ಮಗು ತಾನೇ ಬರೆದದ್ದಕ್ಕೆ ಬೇರೆ ವಿಭಾಗ. ಎರಡೂ ಕೌಶಲ, ಎರಡಕ್ಕೂ ಮರ್ಯಾದೆ, ಒಂದನ್ನ ಇನ್ನೊಂದರ ಎದುರು ನಿಲ್ಲಿಸಲ್ಲ. ಹೆಸರಲ್ಲಿ ಕ್ಯಾಥೊಲಿಕ್ ಇದ್ದರೂ ಕ್ಯಾಥೊಲಿಕ್ ಅಲ್ಲದ ಶಾಲೆಗಳೂ ಬರುತ್ತವೆ. ವಿಷಯ ಧರ್ಮದ್ದೇ ಆಗಿರಬೇಕು ಅಂತೇನೂ ಇಲ್ಲ, ಅಷ್ಟು ವ್ಯತ್ಯಾಸ.

ತೀರ್ಪುಗಾರ್ತಿ_ಶಿವಮೊಗ್ಗ
ಇದನ್ನ ನಮ್ಮಲ್ಲೂ ಮಾಡಬಹುದಲ್ಲ! ‘ಕಂಠಪಾಠ ಭಾಷಣ’, ‘ಸ್ವಂತ ಭಾಷಣ’. ಪ್ರತಿಭಾ ಕಾರಂಜಿಯಲ್ಲಿ ಭಾಷಣ ಬೇರೆ, ಆಶುಭಾಷಣ ಬೇರೆ ಇರೋ ಹಾಗೆ.

ವಕೀಲ_ಚಿಕ್ಕಮಗಳೂರು
ಹಿಂದೂ ಹುಡುಗಿಯ ಪ್ರಶ್ನೆಗೆ ಯಾರೂ ಬರ್ತಿಲ್ಲ. ಸಂವಿಧಾನದ 28(3)ನೇ ವಿಧಿ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಒಪ್ಪಿಗೆ ಇಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಯಲ್ಲಿ ಭಾಗವಹಿಸಲು ಒತ್ತಾಯಿಸುವಂತಿಲ್ಲ. ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು. ಅಂದರೆ ಮಗು ತಾನಾಗಿ ಬಂದು ಪೋಷಕರು ಒಪ್ಪಿದರೆ ಆ ವಿಧಿ ಅಡ್ಡ ಬರುವುದಿಲ್ಲ. ಇನ್ನು ಸ್ಪರ್ಧೆ ಯಾರಿಗೆ ಅಂತ ಹೇಳುವುದು ನಡೆಸುವವರಿಗೆ ಬಿಟ್ಟದ್ದು. ನೀವು ಶಾಲೆಯವರು ಮಾಡಬೇಕಾದ್ದು ಒಂದೇ. ಒಪ್ಪಿಗೆ ಬಾಯಿಮಾತಲ್ಲಿ ಬೇಡ, ಬರಹದಲ್ಲಿ ತಗೊಳ್ಳಿ. ಈಗಿನ ಕಾಲ ಗೊತ್ತಲ್ಲ, ನಾಳೆ ಯಾರೋ ವಿಡಿಯೊ ಕತ್ತರಿಸಿ ಹಾಕಿದರೆ ಕಷ್ಟ ಆಗೋದು ಆ ಮಗುವಿಗೆ.

ಹಳೇ_ವಿದ್ಯಾರ್ಥಿನಿ_ಲಕ್ಷ್ಮಿ
ನಾನೂ ಸಿಸ್ಟರ್‌ಗಳ ಶಾಲೆಯಲ್ಲಿ ಓದಿದ ಹಿಂದೂ. ಕಥೋಲಿಕ ಮಕ್ಕಳು ಧರ್ಮೋಪದೇಶಕ್ಕೆ ಹೋದಾಗ ನಮಗೆ ನೀತಿಪಾಠ. ಮದರ್ ತೆರೇಸಾ ಬಗ್ಗೆ ನಾನು ಮಾಡಿದ ಭಾಷಣವೇ ನನ್ನ ಮೊದಲ ವೇದಿಕೆ. ಅಮ್ಮ ಸೀರೆಗೆ ಪಿನ್ ಹಾಕಿ ಕಳಿಸಿದ್ದರು. ಯಾರೂ ನನ್ನ ಧರ್ಮ ಕೇಳಲಿಲ್ಲ, ನಾನೂ ಬಿಡಲಿಲ್ಲ. ಬೆಳಿಗ್ಗೆ ಮನೆಯಲ್ಲಿ ದೀಪ ಹಚ್ಚಿಯೇ ಹೋಗಿದ್ದೆ. ದಯವಿಟ್ಟು ಆ ಹುಡುಗಿಗೆ ಮುಖಕ್ಕೆ ಹೊಡೆದ ಹಾಗೆ ‘ನೀನು ಬೇಡ’ ಅಂತ ಹೇಳಬೇಡಿ ಟೀಚರ್.

ಮೈಸೂರು_ಅಂತೋಣಿ
ಲಕ್ಷ್ಮಿ ಅಕ್ಕ, ನಿಮ್ಮ ಮಾತು ಒಪ್ತೀನಿ. ಆದರೂ ಒಂದು. ಕಥೋಲಿಕ ಮಕ್ಕಳಿಗೆ ತಮ್ಮ ವಿಶ್ವಾಸದ ಬಗ್ಗೆ ಮಾತಾಡೋಕೆ ಬೇರೆ ಜಾಗ ಎಲ್ಲಿದೆ? ವರ್ಷಕ್ಕೊಂದು ವೇದಿಕೆ. ಅದು ಅವರಿಗೇ ಇರಲಿ ಅನ್ನೋದರಲ್ಲಿ ದ್ವೇಷ ಇಲ್ಲ. ಆ ಹುಡುಗಿಗೆ ಶಾಲೆಯಲ್ಲಿ ಇನ್ನೊಂದು ವೇದಿಕೆ ಮಾಡಿಕೊಡಿ.

ಖಾನಾಪುರ_ಸರ್
ಟೀಚರ್ರ, ಮೂರು ವಾರಾ ಭಾಳ ಆತ್ರಿ. ನಾ ಮಾಡೂದು ಹೇಳ್ತೀನಿ. ಮೊದಲ ವಾರ ಕಾಗದ ಮುಟ್ಟಸಬ್ಯಾಡ್ರಿ. ಆ ಅಜ್ಜಿ ಕಥಿ ದಿನಾ ಒಬ್ಬರ ಮುಂದ ಹೇಳಸ್ರಿ. ಇವತ್ತು ಆಯಾ ಮುಂದ, ನಾಳೆ ಹೆಡ್‌ಮೇಡಂ ಮುಂದ. ಏನು ಬಿಟ್ಲು, ಏನು ಸೇರ್ಸಿದ್ಲು ನೀವು ಬರ್ಕೋರಿ. ಎರಡನೇ ವಾರ ಆಕಿ ಮಾತಿನಾಗ ಆಕಿನ ಬರೀಲಿ. ಐದು ನಿಮಿಷಕ್ಕ ನಾನೂರೈವತ್ತು ಪದ ದಾಟಬಾರ್ದು, ದಾಟಿದ್ರ ಓಡಬೇಕಾಗ್ತದ. ಮೊದಲಿನ ನಾಕು ವಾಕ್ಯ, ಕಡೀ ನಾಕು ವಾಕ್ಯ ಅಷ್ಟ ಬಾಯಿಪಾಠ. ನಡುವಿಂದು ಕಥಿ, ಅದು ಮರಿಯಂಗಿಲ್ಲ. ಮೇಷ್ಟ್ರ ಮಾತೂ ಉಳೀತು, ಅಂತೋಣಿಯವರ ಮಾತೂ ಉಳೀತು.

ಇನ್ನೊಂದು ಸಣ್ಣದು, ಎಲ್ಲಾರೂ ಮರೀತಾರ. ಮೈಕ್ ಸ್ಟ್ಯಾಂಡ್. ಚರ್ಚಿನ ಸ್ವಾಮಿಗಳ (ಫಾದರ್) ಎತ್ತರಕ್ಕ ಇಟ್ಟಿರ್ತಾರ. ಗಿಡ್ಡ ಹುಡುಗಿ ಬೆರಳ ಮ್ಯಾಲ ನಿಂತ್ರ ದಮ್ಮು ಎಲ್ಲಿಂದ ಬರ್ಬೇಕು?

ಘಟ್ಟದ_ಟೀಚರ್
ಮೈಕ್! ಆವತ್ತು ಅವಳು ಬೆರಳ ಮೇಲೆ ನಿಂತೇ ಮಾತಾಡಿದ್ದು. ನೀವು ಹೇಳೋ ತನಕ ನನಗೆ ಹೊಳೆದಿರಲಿಲ್ಲ ಸರ್. ಎಲ್ಲರಿಗೂ ಧನ್ಯವಾದ. ನಾಳೆಯಿಂದ ಶುರು ಮಾಡ್ತೀನಿ.

ಮರಿಯಾಪುರದ_ಮಗ
ಈಗ ಮೊಬೈಲಿಗೆ ‘ಕಾರ್ಲೊ ಬಗ್ಗೆ ಐದು ನಿಮಿಷದ ಭಾಷಣ’ ಅಂದರೆ ಅದೇ ಬರೆದುಕೊಡುತ್ತೆ. ನಮ್ಮಲ್ಲಿ ಮೂರು ಮಕ್ಕಳದು ಒಂದೇ ಥರ ಇತ್ತು.

ತೀರ್ಪುಗಾರ್ತಿ_ಶಿವಮೊಗ್ಗ
ಅದಕ್ಕೆ ನಾನು ಈಗ ಪ್ರತಿ ಮಗುವಿಗೂ ಕೊನೆಗೆ ಒಂದು ಪ್ರಶ್ನೆ ಕೇಳ್ತೀನಿ. ‘ನೀನು ಹೇಳಿದ್ದರಲ್ಲಿ ನಿನಗೆ ಇಷ್ಟವಾದದ್ದು ಯಾವುದು?’ ಅಷ್ಟೇ. ಹೆದರಿಸೋಕಲ್ಲ. ತನ್ನದಾದ ಮಗು ಆಗ ಭಾಷಣಕ್ಕಿಂತ ಚೆನ್ನಾಗಿ ಮಾತಾಡುತ್ತೆ.

ಘಟ್ಟದ_ಟೀಚರ್
ಸ್ಪರ್ಧೆ ಶನಿವಾರ ಮುಗೀತು. ಏನಾಯ್ತು ಅಂತ ಕೇಳಿ ಮೂರು ಜನ ಮೆಸೇಜ್ ಮಾಡಿದ್ದೀರಿ.

ಖಾನಾಪುರದ ಸರ್ ಹೇಳಿದ ಹಾಗೇ ಮಾಡಿದೆ. ಆಯಾ ಮುಂದೆ ಹೇಳುವಾಗ ಹುಡುಗಿಗೆ ಒಂದು ಸಂಗತಿ ನೆನಪಾಯ್ತು. ಪರಮಪ್ರಸಾದದ ಹೊತ್ತಿಗೆ ಅಜ್ಜಿ ಫೋನಿನ ಮುಂದೆ ಬಾಯಿ ತೆರೆದು ಕೂತಿದ್ದರಂತೆ. ಆಮೇಲೆ ‘ಇದು ಬರಲ್ಲ ಅಲ್ವಾ ಮಗಾ’ ಅಂತ ತಮಿಳಲ್ಲಿ ಕೇಳಿದ್ದರಂತೆ. ಮೊದಲ ಸುತ್ತಿನಲ್ಲಿ ಅವಳು ನಿಂತದ್ದು ಅದೇ ಜಾಗದಲ್ಲಿ. ಮರೆತು ನಿಂತದ್ದಲ್ಲ, ಹೇಳಕ್ಕಾಗದೆ ನಿಂತದ್ದು. ಲಾಕ್‌ಡೌನಿನ ಮುಂದಿನ ವರ್ಷ ಅಜ್ಜಿ ತೀರಿಕೊಂಡರು. ಇಷ್ಟು ದಿನ ಪಾಠ ಮಾಡಿದ ನನಗೂ ಇದು ಗೊತ್ತಿರಲಿಲ್ಲ.

ಶನಿವಾರ ಅಲ್ಲೇ ಸ್ವಲ್ಪ ನಿಂತಳು, ನೀರು ಕುಡಿದಳು, ಅಜ್ಜಿಯ ಮಾತನ್ನ ಅಜ್ಜಿಯ ತಮಿಳಲ್ಲೇ ಹೇಳಿದಳು, ಮುಂದುವರಿದಳು. ಐದು ನಿಮಿಷ ದಾಟಿತು, ಬೆಲ್ ಆಯ್ತು. ಬಹುಮಾನ ಬರಲಿಲ್ಲ. ನಮ್ಮ ಶಾಲೆಯ ಹುಡುಗನಿಗೆ ಮೂರನೆಯದು ಬಂತು, ಅವನೂ ಚೆನ್ನಾಗಿ ಮಾತಾಡಿದ. ಬಸ್ಸಿನಲ್ಲಿ ಅವನು ಇವಳನ್ನ ಕೇಳ್ತಿದ್ದ: ಆ ದಿಬ್ಬದ ಮೇಲೆ ನಿಜವಾಗ್ಲೂ ನೆಟ್‌ವರ್ಕ್ ಬರುತ್ತಾ ಅಂತ.

ಬಾರ್ಕೂರ್_ಬಾಯಿ
ಅಜ್ಜಿ ಬಾಯಿ ತೆರೆದು ಕೂತದ್ದು ಓದಿ ನನಗೆ ತಡೀಲಿಕ್ಕೆ ಆಗ್ಲಿಲ್ಲ.

ನಿವೃತ್ತ_ಮೇಷ್ಟ್ರು_ಕುಡ್ಲ
ಸಮಯ ಮೀರಿದರೆ ಅಂಕ ಹೋಗುವುದು ಸರಿಯೇ, ಅದರಲ್ಲಿ ನಾನು ರಾಜಿ ಇಲ್ಲ. ಆದರೆ ಟೀಚರ್, ನಾನು ಬರೆದುಕೊಟ್ಟ ನೂರಾರು ಭಾಷಣಗಳಲ್ಲಿ ಇಂಥ ಒಂದು ವಾಕ್ಯ ಬಂದಿಲ್ಲ. ಆ ಹುಡುಗಿಗೆ ನನ್ನ ನಮಸ್ಕಾರ ಹೇಳಿ.

ತೀರ್ಪುಗಾರ್ತಿ_ಶಿವಮೊಗ್ಗ
ಎರಡು ವಿಭಾಗ, ಭಾಷೆಗೆ ಬೇರೆ ಬಹುಮಾನ, ‘ಸ್ವಂತ ಚಿಂತನೆ’ ಕಾಲಂ. ಈ ಮೂರನ್ನೂ ಬರೆದು ನಮ್ಮ ಧರ್ಮಪ್ರಾಂತ್ಯದ ಧರ್ಮೋಪದೇಶ ಆಯೋಗಕ್ಕೆ ಕೊಡ್ತೀನಿ. ನಿಮ್ಮ ನಿಮ್ಮ ಕಡೆ ನೀವೂ ಕೊಡಿ. ಕರಡು ನಾಳೆ ಇಲ್ಲೇ ಹಾಕ್ತೀನಿ.

ಹಳೇ_ವಿದ್ಯಾರ್ಥಿನಿ_ಲಕ್ಷ್ಮಿ
ಇನ್ನೊಬ್ಬಳು ಹುಡುಗಿ? ಅವಳಿಗೆ ಏನು ಹೇಳಿದಿರಿ?

ಘಟ್ಟದ_ಟೀಚರ್
ನಿಯಮ ಬದಲಾಗಲಿಲ್ಲ ಅಕ್ಕ. ಸ್ಪರ್ಧೆಗೆ ಕಳಿಸೋಕೆ ಆಗಲಿಲ್ಲ. ನಾನೇ ಕೂರಿಸಿಕೊಂಡು ಯಾಕೆ ಅಂತ ಹೇಳಿದೆ. ಬೇಜಾರು ಮಾಡಿಕೊಂಡಳು, ಮಾಡಿಕೊಳ್ಳೋದು ಸಹಜ. ಶಾಲೆಯ ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಎಲ್ಲ ಮಕ್ಕಳಿಗೂ ‘ನಮ್ಮ ಮನೆಯ ಪ್ರಾರ್ಥನೆ’ ಅಂತ ಮೂರು ನಿಮಿಷದ ಮಾತು ಇಡ್ತಿದ್ದೀವಿ, ಬಹುಮಾನ ಇಲ್ಲದೆ. ಮೊದಲ ಹೆಸರು ಅವಳದೇ. ಅವರಮ್ಮ ಒಪ್ಪಿಗೆ ಪತ್ರ ಬರೆದು ಕಳಿಸಿದ್ದಾರೆ.

ಖಾನಾಪುರ_ಸರ್
ಛಲೋ ಆತ್ರಿ. ಮೈಕ್ ಸ್ಟ್ಯಾಂಡ್ ಇಳಸೂದು ಮರೀಬ್ಯಾಡ್ರಿ.